ಹೆಂಚಿನ ಮನೆಗೆ ಕಂದಾಯ, ಸಾವಿರ ಕೋಟಿಗೆ ವಿನಾಯಿತಿ

(ಪಕ್ಷದ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಅತಿ ಶ್ರೀಮಂತರ ಮೇಲೆ ಹೆಚ್ಚು ತೆರಿಗೆ ಹಾಕಬೇಕೇ ಎಂಬ ವಿಷಯವನ್ನು ನನಗೆ ಕೊಟ್ಟಿದ್ದೀರಿ. ಸಮಾಜವಾದಿಗಳ ಶಿಬಿರದಲ್ಲಿ ಈ ಪ್ರಶ್ನೆ ಕೇಳಿದರೆ ಎಲ್ಲರೂ ಕೈ ಎತ್ತುತ್ತಾರೆ, ಭಾಷಣವೇ ಬೇಕಾಗಿಲ್ಲ. ಆದರೆ ಇದೇ ಮಾತನ್ನು ಸಂತೆಯಲ್ಲಿ, ಬಸ್ ನಿಲ್ದಾಣದ ಹೋಟೆಲಿನಲ್ಲಿ ಎತ್ತಿ ನೋಡಿ. "ಆಗುವ ಹೋಗುವ ಮಾತಲ್ಲ ಸ್ವಾಮಿ. ಅದನ್ನೆಲ್ಲ ಮಾಡಿ ನೋಡಿ ಕೈಬಿಟ್ಟದ್ದಾಯಿತು. ಆಸ್ತಿಗೆ ಬೆಲೆ ಕಟ್ಟುವವರು ಯಾರು? ಹಣವಂತರು ಗಂಟು ಕಟ್ಟಿಕೊಂಡು ದುಬೈಗೆ ಹೋಗಿಬಿಡುತ್ತಾರೆ" ಎಂದು ಉತ್ತರ ಬರುತ್ತದೆ. ಹೀಗೆ ಹೇಳುವವರು ಶ್ರೀಮಂತರಲ್ಲ, ನಮ್ಮ ನಿಮ್ಮಂಥವರೇ. ಅವರಿಗೆ ನಾವು ಏನು ಹೇಳಬೇಕು ಎಂಬುದಷ್ಟೇ ಇಂದಿನ ನನ್ನ ಮಾತು.

ನಿಮ್ಮಲ್ಲಿ ಎಷ್ಟು ಮಂದಿ ಮನೆ ಕಂದಾಯ ಕಟ್ಟುತ್ತೀರಿ? ಬಹುಪಾಲು ಎಲ್ಲರೂ ಕಟ್ಟುತ್ತೀರಿ. ಏಪ್ರಿಲ್ ಒಳಗೆ ಕಟ್ಟಿದರೆ ಶೇಕಡಾ 5 ರಿಯಾಯಿತಿ ಎಂದು ಓಡಿಹೋಗಿ ಕಟ್ಟುವವರೂ ಇದ್ದೀರಿ. ಈ ಕಂದಾಯ ಯಾವುದರ ಮೇಲಿನ ತೆರಿಗೆ ಎಂದು ಎಂದಾದರೂ ಯೋಚಿಸಿದ್ದೀರಾ? ಇದು ಆದಾಯದ ಮೇಲಿನದಲ್ಲ. ಆ ಮನೆಯಿಂದ ನಿಮಗೆ ಒಂದು ಕಾಸು ಬಾಡಿಗೆ ಬರದಿರಬಹುದು. ಗಂಡ ತೀರಿಕೊಂಡ ಹೆಂಗಸೊಬ್ಬಳು ಎರಡಂಕಣದ ಹೆಂಚಿನ ಮನೆಯಲ್ಲಿ ಹೊಲಿಗೆ ಯಂತ್ರ ತುಳಿದು ಮಕ್ಕಳನ್ನು ಸಾಕುತ್ತಿರಬಹುದು. ಪುರಸಭೆ ಅದನ್ನು ಕೇಳುವುದಿಲ್ಲ. ನಿವೇಶನ ಎಷ್ಟು ಅಡಿ, ಆ ಬೀದಿಗೆ ಮಾರ್ಗಸೂಚಿ ಬೆಲೆ ಎಷ್ಟು, ಗೋಡೆ ಎಂಥದು, ಕಟ್ಟಡಕ್ಕೆ ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಿ ಇಷ್ಟು ಕಟ್ಟು ಎನ್ನುತ್ತದೆ. ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದರೂ ಅದನ್ನು ಕಳೆಯುವುದಿಲ್ಲ. ಅಂದರೆ ಇದು ಅಪ್ಪಟ ಸಂಪತ್ತಿನ ತೆರಿಗೆ. ಆಸ್ತಿ ಇದೆ ಎಂಬ ಒಂದೇ ಕಾರಣಕ್ಕೆ ವರ್ಷವರ್ಷವೂ ಕೊಡುವ ತೆರಿಗೆ. ಯಾವುದನ್ನು ಆಗುವ ಹೋಗುವ ಮಾತಲ್ಲ ಎನ್ನುತ್ತಾರೋ, ಅದು ಈ ಊರಿನ ಪ್ರತಿಯೊಂದು ಬೀದಿಯಲ್ಲಿಯೂ ತಪ್ಪದೆ ನಡೆಯುತ್ತಿದೆ.

ಈಗ ಇನ್ನೊಬ್ಬನನ್ನು ನೋಡೋಣ. ಅವನ ಆಸ್ತಿ ಹೆಂಚಿನ ಮನೆಯಲ್ಲ, ತನ್ನದೇ ಕಂಪನಿಯ ಷೇರುಗಳು. ವರ್ಷದ ಮೊದಲಿಗೆ ಅವುಗಳ ಬೆಲೆ ಸಾವಿರ ಕೋಟಿ ಇತ್ತು, ಕೊನೆಗೆ ಸಾವಿರದ ಇನ್ನೂರು ಕೋಟಿಯಾಯಿತು ಎನ್ನಿ. ಆ ಸಾವಿರ ಕೋಟಿಯ ಮೇಲೆ ಅವನು ಕಟ್ಟುವ ತೆರಿಗೆ ಸೊನ್ನೆ. ಹೆಚ್ಚಾದ ಇನ್ನೂರು ಕೋಟಿಯ ಮೇಲೂ ಸೊನ್ನೆ. ಏಕೆಂದರೆ ಅವನು ಷೇರು ಮಾರಿಲ್ಲ, ಮಾರದಿದ್ದರೆ ಕಾನೂನಿನ ಕಣ್ಣಿಗೆ ಅದು ಆದಾಯವೇ ಅಲ್ಲ. ಅವನ ಸಂಸಾರ ನಡೆಯುವುದು ಹೇಗೆ ಎನ್ನುತ್ತೀರೋ? ಷೇರನ್ನು ಅಡವಿಟ್ಟರೆ ಸಾಲ ಕೊಡುವವರಿದ್ದಾರೆ. ಸಾಲಕ್ಕೆ ಆದಾಯ ತೆರಿಗೆ ಇಲ್ಲ. ಮಾರಿದನೇ ಎಂದುಕೊಂಡರೂ, 2024ರ ಜುಲೈನಲ್ಲಿ ಗೊತ್ತುಮಾಡಿದಂತೆ, ಒಂದು ವರ್ಷ ದಾಟಿದ ಷೇರಿನ ಲಾಭಕ್ಕೆ ದರ ಶೇಕಡಾ 12.5. ಅದರ ಮೇಲಿನ ಸರ್‌ಚಾರ್ಜು 15ಕ್ಕಿಂತ ಮೇಲೇರದಂತೆ ಬೇಲಿ ಹಾಕಿದ್ದಾರೆ. ಸಂಬಳದ ಎಂಜಿನಿಯರನೊಬ್ಬ 24 ಲಕ್ಷ ದಾಟಿದರೆ, ದಾಟಿದ ಭಾಗಕ್ಕೆ ಹೊಸ ಪದ್ಧತಿಯಲ್ಲಿಯೂ ಶೇಕಡಾ 30 ಕೊಡುತ್ತಾನೆ. ಇನ್ನು ಷೇರಿನ ಒಡೆಯ ತೀರಿಕೊಂಡರೆ ಇಡೀ ಗಂಟು ಮಗನಿಗೆ ಯಾವ ತೆರಿಗೆಯೂ ಇಲ್ಲದೆ ಸೇರುತ್ತದೆ. ಮೈಗೆ ಹಚ್ಚುವ ಸೋಪಿನ ಮೇಲೆ 2017ರಿಂದ 2025ರ ಸೆಪ್ಟೆಂಬರಿನವರೆಗೆ ಶೇಕಡಾ 18 ಜಿಎಸ್‌ಟಿ ವಸೂಲು ಮಾಡಿದ ದೇಶವಿದು. ಅದನ್ನು 5ಕ್ಕೆ ಇಳಿಸಿದರು, ಒಳ್ಳೆಯದೇ ಆಯಿತು.

"ಮಾಡಿ ನೋಡಿ ಕೈಬಿಟ್ಟದ್ದಾಯಿತು" ಎಂಬ ಮಾತಿಗೆ ಬರುತ್ತೇನೆ. ಇದರ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿಯೇ ಕೇಳಬೇಕು.

ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡಾರ್ 1956ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಆದಾಯ ತೆರಿಗೆಯ ಮೇಲ್ದರವನ್ನು ಶೇಕಡಾ 45ಕ್ಕೆ ಇಳಿಸಿ; ಆದರೆ ಸಂಪತ್ತು, ಆಸ್ತಿ ಮಾರಿದ ಲಾಭ, ದಾನ, ವೆಚ್ಚ ಇವೆಲ್ಲಕ್ಕೂ ತೆರಿಗೆ ಹಾಕಿ; ಒಂದು ಬಾಗಿಲಿನಲ್ಲಿ ತಪ್ಪಿಸಿಕೊಂಡವನು ಇನ್ನೊಂದರಲ್ಲಿ ಸಿಕ್ಕಿಬೀಳುತ್ತಾನೆ ಎಂಬುದು ಅವರ ಯೋಚನೆ. ಮರಣಾನಂತರದ ಆಸ್ತಿಗೆ ಎಸ್ಟೇಟ್ ಡ್ಯೂಟಿ 1953ರಲ್ಲೇ ಬಂದಿತ್ತು. ಸಂಪತ್ತಿನ ತೆರಿಗೆ 1957ರಲ್ಲಿ ಬಂತು, ದಾನ ತೆರಿಗೆ 1958ರಲ್ಲಿ. ಆದರೆ ಸರ್ಕಾರ ಮಾಡಿದ್ದೇನು? ಹೊಸ ತೆರಿಗೆಗಳನ್ನು ವಿನಾಯಿತಿಗಳ ಕಂತೆಯೊಡನೆ ತಂದಿತು, ಆದಾಯ ತೆರಿಗೆಯ ದರವನ್ನು ಮಾತ್ರ ಕಾಗದದ ಮೇಲೆ ಏರಿಸುತ್ತ ಹೋಯಿತು. 1973-74ರ ಹೊತ್ತಿಗೆ ಅದು ಸರ್‌ಚಾರ್ಜು ಸೇರಿ ಶೇಕಡಾ 97.75ಕ್ಕೆ ಮುಟ್ಟಿತು. ನೂರರಲ್ಲಿ ಎರಡೂಕಾಲು ರೂಪಾಯಿ ಉಳಿಸಿಕೊಳ್ಳಲು ಯಾರು ಸತ್ಯವಾದ ಲೆಕ್ಕ ಬರೆಯುತ್ತಾರೆ? ಇಂಥ ದರವೇ ಕಪ್ಪುಹಣಕ್ಕೆ ದಾರಿ ಎಂದು ವಾಂಛೂ ಸಮಿತಿ 1971ರಲ್ಲೇ ಹೇಳಿತ್ತು. ಅದು ಸರಿಯಾದ ಮಾತು. ವಸೂಲಾಗದ ದರ ಸಮಾಜವಾದವಲ್ಲ, ಸಮಾಜವಾದದ ವೇಷ.

1985ರ ಮಾರ್ಚಿಯಲ್ಲಿ ಎಸ್ಟೇಟ್ ಡ್ಯೂಟಿ ಹೋಯಿತು. ಅದರಿಂದ ಬರುತ್ತಿದ್ದದ್ದು ಸುಮಾರು 20 ಕೋಟಿ, ವಸೂಲಿಯ ಖರ್ಚೇ ಹೆಚ್ಚು ಎಂದರು. 1998ರಲ್ಲಿ ದಾನ ತೆರಿಗೆ ಹೋಯಿತು. ಸಂಪತ್ತಿನ ತೆರಿಗೆಯ ಕಥೆ ಇನ್ನೂ ಸ್ವಾರಸ್ಯವಾಗಿದೆ. 1992ರ ಬಜೆಟ್ಟಿನಲ್ಲಿ ಒಂದು ತಿದ್ದುಪಡಿ ತಂದರು: "ಉತ್ಪಾದಕ" ಆಸ್ತಿಗೆ ಈ ತೆರಿಗೆ ಬೇಡ ಎಂದು. 1993ರ ಏಪ್ರಿಲಿನಿಂದ ಷೇರು, ಬಾಂಡು, ಬ್ಯಾಂಕಿನ ಠೇವಣಿ ಎಲ್ಲವೂ ಹೊರಗೆ ಹೋದವು. ಉಳಿದದ್ದು ಒಡವೆ, ಮೋಟಾರು ಕಾರು, ಪಟ್ಟಣದ ಖಾಲಿ ಜಾಗ, ವಿಹಾರದ ದೋಣಿ, ಕೈಯಲ್ಲಿರುವ ನಗದು. ಗೆಳೆಯರೇ, ಈ ದೇಶದ ದೊಡ್ಡ ಕುಬೇರರ ಐಶ್ವರ್ಯ ಇರುವುದು ದೋಣಿಯಲ್ಲಲ್ಲ, ಷೇರಿನಲ್ಲಿ. ಅದನ್ನೇ ಬಿಟ್ಟು ಉಳಿದದ್ದಕ್ಕೆ ಶೇಕಡಾ 1 ಹಾಕಿದರು. 2015ರಲ್ಲಿ ಹಣಕಾಸು ಮಂತ್ರಿ ಅರುಣ್ ಜೇಟ್ಲಿಯವರು, 2013-14ರಲ್ಲಿ ಈ ತೆರಿಗೆಯಿಂದ ಬಂದದ್ದು ಬರೀ 1,008 ಕೋಟಿ, ವಸೂಲಿಗೆ ಖರ್ಚು ಹೆಚ್ಚು, ಫಲ ಕಡಿಮೆ ಎಂದು ಹೇಳಿ ಅದನ್ನು ತೆಗೆದುಹಾಕಿದರು. ಕೊಡದ ತಳಕ್ಕೆ ತೂತು ಕೊರೆದವರೇ ಇಪ್ಪತ್ತೆರಡು ವರ್ಷದ ಮೇಲೆ ಬಂದು ಇದರಲ್ಲಿ ನೀರು ನಿಲ್ಲುವುದಿಲ್ಲ ಎಂದು ಎಸೆದಂತೆ ಇದು. ಎಸೆದವರು ಒಂದು ಪಕ್ಷ, ಕೊರೆದವರು ಇನ್ನೊಂದು ಪಕ್ಷ ಎಂಬುದನ್ನೂ ಮರೆಯಬೇಡಿ. ಈ ವಿಷಯದಲ್ಲಿ ಅವರಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಬೆಲೆ ಕಟ್ಟುವವರು ಯಾರು ಎಂಬ ಪ್ರಶ್ನೆ 1957ರಲ್ಲಿ ನಿಜವಾಗಿಯೂ ಕಷ್ಟದ್ದಾಗಿತ್ತು. ಇಂದು ಷೇರು ಪೇಟೆಯಲ್ಲಿರುವ ಕಂಪನಿಯ ಬೆಲೆ ನಿಮಿಷ ನಿಮಿಷಕ್ಕೂ ಪರದೆಯ ಮೇಲೆ ಮೂಡುತ್ತದೆ. ಯಾರ ಹೆಸರಿನಲ್ಲಿ ಎಷ್ಟು ಷೇರು ಎಂಬುದು ಡಿಮ್ಯಾಟ್ ಖಾತೆಯಲ್ಲಿದೆ. ನಿಮ್ಮ ಹೆಂಚಿನ ಮನೆಗೆ ಬೆಲೆ ಕಟ್ಟುವುದಕ್ಕಿಂತ ಅದು ಸುಲಭ. ಚುನಾವಣೆಗೆ ನಿಲ್ಲುವವರು 2003ರಿಂದ ತಮ್ಮ, ತಮ್ಮ ಹೆಂಡತಿ ಅಥವಾ ಗಂಡನ ಆಸ್ತಿಯನ್ನು ಪ್ರಮಾಣಪತ್ರದಲ್ಲಿ ಬರೆದುಕೊಡುತ್ತಾರಷ್ಟೆ. ಹೆಚ್ಚು ಆದಾಯದವರ ತೆರಿಗೆ ವಿವರ ಪತ್ರದಲ್ಲಿ ಆಸ್ತಿ-ಸಾಲಗಳ ಅನುಸೂಚಿಯೂ ಇದೆ. ಅದರ ಮಿತಿಯನ್ನು ಈಚೆಗೆ 50 ಲಕ್ಷದಿಂದ ಒಂದು ಕೋಟಿಗೆ ಏರಿಸಿದರು. ಹಾಗಿದ್ದರೂ ನಾವು ಹೇಳುತ್ತಿರುವ ಜನರೆಲ್ಲ ಅದರೊಳಗೇ ಬೀಳಬೇಕಾದವರು. ಪೇಟೆಯಲ್ಲಿ ಬಿಕರಿಯಾಗದ ಖಾಸಗಿ ಕಂಪನಿಗಳು, ಕುಟುಂಬದ ಟ್ರಸ್ಟುಗಳು, ಇವುಗಳ ಲೆಕ್ಕ ಕಷ್ಟ. ಅದಕ್ಕೆ ನುರಿತ ಅಧಿಕಾರಿಗಳು ಬೇಕು, ವ್ಯಾಜ್ಯವೂ ಬರುತ್ತದೆ. ಕಷ್ಟ ಎಂಬುದನ್ನು ನಾವು ಬಚ್ಚಿಡಬೇಕಾಗಿಲ್ಲ.

ಓಡಿಹೋಗುತ್ತಾರೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. 1990ರಲ್ಲಿ ಅಭಿವೃದ್ಧಿ ಹೊಂದಿದ ದೇಶಗಳ ಕೂಟವಾದ ಒಇಸಿಡಿಯ 12 ರಾಷ್ಟ್ರಗಳಲ್ಲಿ ಸಂಪತ್ತಿನ ತೆರಿಗೆ ಇತ್ತು, 2017ಕ್ಕೆ ಅದು ನಾಲ್ಕಕ್ಕೆ ಇಳಿಯಿತು. ಇದಕ್ಕೆ ಗಂಟು ಕಟ್ಟಿದವರ ಭಯ ಒಂದು ಕಾರಣ, ನಮ್ಮಲ್ಲಿಯಂತೆಯೇ ವಿನಾಯಿತಿಗಳ ತೂತು ಇನ್ನೊಂದು. ಆದರೆ ಮನುಷ್ಯ ದುಬೈಗೆ ಹೋದರೂ ಅವನ ಕಾರ್ಖಾನೆ, ಗಣಿ, ಬಂದರು, ಮೊಬೈಲ್ ಗೋಪುರ ಇಲ್ಲೇ ಇರುತ್ತವೆ. ಅವನ ಲಾಭ ಹುಟ್ಟುವುದು ಇಲ್ಲಿನ ನೂರನಲವತ್ತು ಕೋಟಿ ಜನರಿಂದ. ಅಮೆರಿಕ ತನ್ನ ಪ್ರಜೆ ಎಲ್ಲಿದ್ದರೂ ಆದಾಯ ತೆರಿಗೆ ಕೇಳುತ್ತದೆ. ಪಿತ್ರಾರ್ಜಿತದ ಮೇಲೆ ಬ್ರಿಟನ್ನಿನಲ್ಲಿ ಶೇಕಡಾ 40, ಜಪಾನಿನಲ್ಲಿ ಮೇಲ್ದರ 55. ಬ್ರಿಟನ್ನೂ ಜಪಾನೂ ಕಮ್ಯುನಿಸ್ಟ್ ದೇಶಗಳೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಉದ್ಯಮ ಹಾಳಾಗುತ್ತದೆ ಎಂಬ ಕೂಗು ನಮ್ಮ ನಾಡಿಗೆ ಹೊಸತಲ್ಲ. 1974ರ ಮಾರ್ಚಿಯಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಾಗಲೂ ಕೃಷಿ ನಾಶವಾಯಿತು ಎಂದರು. ಏಳನೆಯ ನಮೂನೆಯ ಅರ್ಜಿ ಹಾಕಿ ಭೂಮಿ ಪಡೆದ ಗೇಣಿದಾರರ ಮೊಮ್ಮಕ್ಕಳು ಇಂದು ಈ ಸಭೆಯಲ್ಲೇ ಇದ್ದಾರೆ. ಅಂದು ಜಮೀನಿಗೆ ಮಿತಿ ಗೊತ್ತುಮಾಡಿದೆವು, ಷೇರಿಗೆ ಯಾವ ಮಿತಿಯನ್ನೂ ಯಾರೂ ಗೊತ್ತುಮಾಡಲಿಲ್ಲ. ಹಳ್ಳಿಯ ಒಡೆಯನಿಗೆ ಒಂದು ನ್ಯಾಯ, ಪೇಟೆಯ ಒಡೆಯನಿಗೆ ಇನ್ನೊಂದು.

ಲೆಕ್ಕಕ್ಕೆ ಬರೋಣ. 1963ರಲ್ಲಿ ಲೋಹಿಯಾ ಅವರು ಲೋಕಸಭೆಯಲ್ಲಿ, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದಾಗ, ಇಲ್ಲ, ಸರಾಸರಿ ಹದಿನೈದಾಣೆ ಎಂದು ನೆಹರೂ ಉತ್ತರಿಸಿದರು. ಸರಾಸರಿಯಲ್ಲಿ ಕುಬೇರನ ಗಂಟೂ ಬೆರೆತಿರುತ್ತದೆ ಎಂಬುದೇ ಆ ವಾದದ ತಿರುಳು. ಇಂದಿನ ಲೆಕ್ಕವನ್ನು ವರ್ಲ್ಡ್ ಇನೀಕ್ವಾಲಿಟಿ ಲ್ಯಾಬಿನ ಸಂಶೋಧಕರು 2024ರಲ್ಲಿ ಕೊಟ್ಟಿದ್ದಾರೆ: 2022-23ರಲ್ಲಿ ಮೇಲಿನ ನೂರಕ್ಕೊಬ್ಬರ ಕೈಯಲ್ಲಿ ದೇಶದ ಆದಾಯದ ಶೇಕಡಾ 22.6, ಸಂಪತ್ತಿನ ಶೇಕಡಾ 40.1. ಫೋರ್ಬ್ಸ್ ಪತ್ರಿಕೆಯ 2024ರ ಪಟ್ಟಿಯಲ್ಲಿ ಶತಕೋಟಿ ಡಾಲರ್ ದಾಟಿದ ಭಾರತೀಯರು 200 ಮಂದಿ. ಅವರ ಒಟ್ಟು ಆಸ್ತಿ 954 ಶತಕೋಟಿ ಡಾಲರ್, ಆಗಿನ ದರದಲ್ಲಿ 79 ಲಕ್ಷ ಕೋಟಿ ರೂಪಾಯಿಯ ಆಸುಪಾಸು. ಅದೇ ವರ್ಷ ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಜುಕ್‌ಮನ್ ಜಿ-20ರ ಮುಂದಿಟ್ಟ ಸಲಹೆಯಂತೆ, ಇಂಥವರು ವರ್ಷಕ್ಕೆ ಆಸ್ತಿಯ ಶೇಕಡಾ 2ರಷ್ಟಾದರೂ ತೆರಿಗೆ ಕೊಡಬೇಕೆಂದರೆ ನಮ್ಮಲ್ಲಿ ಒಂದೂವರೆ ಲಕ್ಷ ಕೋಟಿ ದಾಟುತ್ತದೆ. ತಪ್ಪಿಸಿಕೊಳ್ಳುವವರು ತಪ್ಪಿಸಿಕೊಂಡು ಅರ್ಧವೇ ಬರಲಿ, 75 ಸಾವಿರ ಕೋಟಿ. ದೇಶದ ಹಳ್ಳಿಗರಿಗೆಲ್ಲ ಉದ್ಯೋಗ ಖಾತರಿ ಕೂಲಿಗೆಂದು 2024-25ರ ಬಜೆಟ್ಟಿನಲ್ಲಿ ಇಟ್ಟದ್ದು 86 ಸಾವಿರ ಕೋಟಿ. ಇನ್ನೂರು ಮನೆಗಳವರು ತಮ್ಮ ನೂರರಲ್ಲಿ ಒಂದನ್ನು ಬಿಟ್ಟುಕೊಟ್ಟರೆ ಆ ಮೊತ್ತದ ಸಮೀಪಕ್ಕೆ ಬರುತ್ತೇವೆ.

ಕೊನೆಯದಾಗಿ ಒಂದು ಎಚ್ಚರಿಕೆ, ಇದನ್ನು ನಮ್ಮ ಪಕ್ಷದವರೂ ಅಷ್ಟಾಗಿ ಹೇಳುತ್ತಿಲ್ಲ. 2015ರಲ್ಲಿ ಸಂಪತ್ತಿನ ತೆರಿಗೆಯ ಜಾಗಕ್ಕೆ ತಂದದ್ದು, ಒಂದು ಕೋಟಿ ದಾಟಿದ ಆದಾಯದ ಮೇಲೆ ಶೇಕಡಾ 2 ಸರ್‌ಚಾರ್ಜು. 9,000 ಕೋಟಿ ಬರುತ್ತದೆ ಎಂದರು. ಹೆಚ್ಚು ಬಂತಲ್ಲ ಎನ್ನಬಹುದು. ಆದರೆ ಸಂವಿಧಾನದಂತೆ ಸರ್‌ಚಾರ್ಜು ಮತ್ತು ಸೆಸ್ಸು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ನಿಧಿಗೆ ಸೇರುವುದಿಲ್ಲ, ಅದೆಲ್ಲ ದೆಹಲಿಯದೇ. ಸಂಪತ್ತಿನ ತೆರಿಗೆ ಹಂಚಿಕೆಗೆ ಸೇರುತ್ತಿತ್ತು. ಎಸ್ಟೇಟ್ ಡ್ಯೂಟಿಯಂತೂ ಕೇಂದ್ರ ವಸೂಲು ಮಾಡಿ ರಾಜ್ಯಗಳಿಗೇ ಕೊಡಬೇಕಾದ ಹಣವಾಗಿತ್ತು. ಅದನ್ನು ರದ್ದು ಮಾಡಿದಾಗ ದೆಹಲಿ ಮನ್ನಾ ಮಾಡಿದ್ದು ನಮ್ಮ ಪಾಲನ್ನು. ಸರ್ಕಾರಿ ಶಾಲೆಯ ಮೇಷ್ಟರು, ತಾಲ್ಲೂಕು ಆಸ್ಪತ್ರೆಯ ದಾದಿ, ಪುರಸಭೆಯ ನೀರಿನ ಕೊಳವೆ ಇವೆಲ್ಲ ನಡೆಯುವುದು ಮುಖ್ಯವಾಗಿ ರಾಜ್ಯದ ಹಣದಲ್ಲಿ. ಆದುದರಿಂದ "ಶ್ರೀಮಂತರಿಗೆ ತೆರಿಗೆ ಹಾಕಿ" ಎಂದಷ್ಟೇ ನಮ್ಮ ಠರಾವಿನಲ್ಲಿ ಬರೆದರೆ, ಇನ್ನೊಂದು ಸರ್‌ಚಾರ್ಜು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ನೂರು ಕೋಟಿ ದಾಟಿದ ನಿವ್ವಳ ಆಸ್ತಿಗೆ, ಷೇರನ್ನೂ ಸೇರಿಸಿ, ಸಂಪತ್ತಿನ ತೆರಿಗೆಯನ್ನೇ ಮತ್ತೆ ತರಬೇಕು. ಅದು ಹಂಚಿಕೆಯ ನಿಧಿಗೆ ಬರಬೇಕು. ದೊಡ್ಡ ಪಿತ್ರಾರ್ಜಿತದ ಮೇಲಿನ ತೆರಿಗೆ ರಾಜ್ಯಗಳಿಗೆ ಸೇರಬೇಕು. ಮೂರನ್ನೂ ಬಿಡಿಸಿ ಬರೆದ ಕರಡನ್ನು ಅಧ್ಯಕ್ಷರ ಕೈಗೆ ಕೊಟ್ಟಿದ್ದೇನೆ. ಮಧ್ಯಾಹ್ನದ ಬೈಠಕ್ಕಿನಲ್ಲಿ ನೂರು ಕೋಟಿಯ ಮಿತಿ ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬುದನ್ನು ನೀವು ಚರ್ಚಿಸಿ.