ಮೂರನೆಯ ತರಗತಿಗೆ ಮುಗಿಯುವ ಏಣಿ: ಸರ್ಕಾರಿ ಶಾಲೆ ಮತ್ತು ಪ್ರತಿಭಾನ್ವಿತ ಮಗು

ಬೆಂಗಳೂರಿನ ಮತ್ತಿಕೆರೆಯಲ್ಲಿ ಆರಂಭವಾಗುತ್ತಿರುವ ಈ ವಿಚಾರ ಸಂಕಿರಣದ ವಸ್ತು ಸರ್ಕಾರಿ ಶಾಲೆಗಳಲ್ಲಿ ಓದುವ ಪ್ರತಿಭಾನ್ವಿತ ಮಕ್ಕಳ ಶಿಕ್ಷಣ. ಪ್ರತಿಭೆ ಎಂಬ ಮಾತಿಗೆ ಕನ್ನಡದ ಶಾಲಾ ವ್ಯವಹಾರದಲ್ಲಿ ಬರವಿಲ್ಲವಾದರೂ, ಎಸ್ಸೆಸ್ಸೆಲ್ಸಿ ಫಲಿತಾಂಶದ ಬೆನ್ನಿಗೇ ಊರೂರಿನಲ್ಲಿ ನಡೆಯುವ ಪ್ರತಿಭಾ ಪುರಸ್ಕಾರಗಳಲ್ಲಿ ಶಾಲು, ಹಾರ, ಸ್ಮರಣಿಕೆಗಳು ಸಲ್ಲುವುದು ಅಂಕಗಳಿಗೆ. ಭಾರತೀಯ ಕಾವ್ಯಮೀಮಾಂಸೆ ಈ ಪದವನ್ನು ಬೇರೆಯಾಗಿ ಕಂಡಿತ್ತು. ಅಲ್ಲಿ ಪ್ರತಿಭೆಯೆಂದರೆ ಹೊಸತನ್ನು ಕಾಣುತ್ತಲೇ ಇರುವ ಬುದ್ಧಿ. ಲೋಕ ಮತ್ತು ಶಾಸ್ತ್ರಗಳ ಪರಿಚಯದಿಂದ ಬರುವ ವ್ಯುತ್ಪತ್ತಿಯೂ, ಬಲ್ಲವರ ಕಣ್ಣೆದುರು ನಡೆಯುವ ನಿರಂತರ ಅಭ್ಯಾಸವೂ ಅದರೊಡನೆ ಕೂಡಿದಾಗ ಕಾವ್ಯ ಸಿದ್ಧಿಸುತ್ತದೆ ಎಂಬುದು ಮಮ್ಮಟನಂಥ ಮೀಮಾಂಸಕರ ನಿಲುವು. ಈ ಮೂರರಲ್ಲಿ ಮೊದಲನೆಯದನ್ನು ಮಗು ತನ್ನೊಡನೆ ತರುತ್ತದೆಯಾದರೆ, ಉಳಿದೆರಡನ್ನು ಒದಗಿಸಬೇಕಾದುದು ಶಾಲೆ.

ಮಗುವಿನ ಪ್ರತಿಭೆಯನ್ನು ಗುರುತಿಸುವ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ರೂಪಿಸಿದ ಬುದ್ಧಿಪರೀಕ್ಷೆಯ ಉದ್ದೇಶ ಜಾಣರನ್ನು ಆರಿಸುವುದಾಗಿರಲಿಲ್ಲ. ಎಲ್ಲರಿಗೂ ಹೇಳುವ ಪಾಠ ಸಾಲದೆ ವಿಶೇಷ ನೆರವು ಬೇಕಾದ ಮಕ್ಕಳನ್ನು ಕಂಡುಕೊಳ್ಳುವುದಾಗಿತ್ತು. ಆ ಪರೀಕ್ಷೆಯ ಪರಿಷ್ಕೃತ ರೂಪವನ್ನು 1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಅಳವಡಿಸಿದರು. ಅನ್ಯಭಾಷೆಯ ಅಳತೆಗೋಲಿನಿಂದ ಮಗುವಿನ ಬುದ್ಧಿಯನ್ನು ಅಳೆಯಲಾಗದು ಎಂಬ ಅಂದಿನ ಎಚ್ಚರ ಇಂದಿಗೂ ಸಲ್ಲುತ್ತದೆ, ಏಕೆಂದರೆ ಮನೆಯಲ್ಲಿ ತೆಲುಗು, ತಮಿಳು ಅಥವಾ ಉರ್ದು ಆಡುತ್ತ ಶಾಲೆಯಲ್ಲಿ ಕನ್ನಡ ಕಲಿಯುವ ಮಗುವಿನ ಮೌನವನ್ನು ದಡ್ಡತನವೆಂದು ಬಗೆಯುವುದು ಬೆಂಗಳೂರಿನಂಥ ನಗರದಲ್ಲಿ ಬಹು ಸುಲಭ.

ಸ್ವಾತಂತ್ರ್ಯಾನಂತರದ ಸಾರ್ವಜನಿಕ ವ್ಯವಸ್ಥೆ ಮುಖ್ಯವಾಗಿ ಹಿಡಿದ ದಾರಿ ಆಯ್ಕೆಯದು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ ಬೆಳೆದ ನವೋದಯ ವಿದ್ಯಾಲಯಗಳು ಪ್ರವೇಶ ಪರೀಕ್ಷೆಯ ಮೂಲಕ 6ನೆಯ ತರಗತಿಗೆ ಮಕ್ಕಳನ್ನು ತೆಗೆದುಕೊಳ್ಳುತ್ತವೆ ಮತ್ತು ಕನಿಷ್ಠ ಶೇ. 75ರಷ್ಟು ಸ್ಥಾನಗಳನ್ನು ಗ್ರಾಮೀಣ ಮಕ್ಕಳಿಗೆ ಮೀಸಲಿಡುತ್ತವೆ. ರಾಜ್ಯದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಮತ್ತು ಆದರ್ಶ ವಿದ್ಯಾಲಯಗಳ ಬಾಗಿಲು ತೆರೆಯುವುದೂ ಅದೇ ತರಗತಿಗೆ. ಎನ್‌ಎಂಎಂಎಸ್ ಎಂದೇ ಪರಿಚಿತವಾದ ವಿದ್ಯಾರ್ಥಿವೇತನ ಯೋಜನೆ 8ನೆಯ ತರಗತಿಯಲ್ಲಿ ಪರೀಕ್ಷೆ ನಡೆಸಿ, ದೇಶದಾದ್ಯಂತ ವರ್ಷಕ್ಕೆ 1 ಲಕ್ಷ ಮಕ್ಕಳಿಗೆ ತಲಾ 12,000 ರೂಪಾಯಿ ಮಂಜೂರು ಮಾಡುತ್ತದೆ. ಸಾವಿರಾರು ಬಡ ಕುಟುಂಬಗಳ ಮಕ್ಕಳ ಓದು ಮುಂದುವರಿದುದು ಇಂಥ ಯೋಜನೆಗಳ ಬಲದಿಂದ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೂ ಇವು ಮಗುವನ್ನು ಬೇರೆಡೆಗೆ ಒಯ್ಯುತ್ತವೆ ಇಲ್ಲವೇ ಅದರ ಖಾತೆಗೆ ಹಣ ತುಂಬುತ್ತವೆ. ಊರಿನ ಶಾಲೆಯಲ್ಲಿ ನಡೆಯುವ ಪಾಠವನ್ನು ಮಾತ್ರ ಇದ್ದಂತೆಯೇ ಬಿಡುತ್ತವೆ.

ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರ ಬದುಕು ಈ ಮಿತಿಯನ್ನೂ ಅದನ್ನು ಮೀರುವ ಬಗೆಯನ್ನೂ ಒಟ್ಟಿಗೇ ತೋರಿಸುತ್ತದೆ. ಗೌರಿಬಿದನೂರು ಸೀಮೆಯ ಹೊಸೂರಿನ ಬಡ ಹುಡುಗ 1930ರ ದಶಕದಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಬಂದುದು ನಾಡಿಗೆ ತಿಳಿದ ಸಂಗತಿ. ಅದು ಆ ಹುಡುಗನ ಛಲಕ್ಕೆ ಸಾಕ್ಷಿಯಾದಂತೆ, ಊರಿನಲ್ಲಿ ಮುಂದಿನ ಓದಿಗೆ ಅವಕಾಶವಿರಲಿಲ್ಲ ಎಂಬುದಕ್ಕೂ ಸಾಕ್ಷಿ. ಅದೇ ವ್ಯಕ್ತಿ ಮುಂದೆ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ವಿದ್ಯಾಸಂಸ್ಥೆಗಳು ಬೆಳೆಯಲು ದುಡಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ ವಿಜ್ಞಾನದ ಉಪನ್ಯಾಸಗಳನ್ನು ಬಂದವರಿಗೆಲ್ಲ ತೆರೆದಿಟ್ಟರು.

ಇದ್ದಲ್ಲಿಯೇ ಬೆಳೆಸುವ ಬಗೆಗೆ ಕರ್ನಾಟಕದ ಸರ್ಕಾರಿ ಶಾಲೆಗಳು ಆಗಲೇ ಒಂದು ಮಾದರಿಯನ್ನು ಕಂಡಿವೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಸೇರಿ, ಆಂಧ್ರದ ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು ಆರಂಭಿಸಿದ ‘ನಲಿ-ಕಲಿ’ ಮುಂದೆ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ 1ರಿಂದ 3ನೆಯ ತರಗತಿಗಳಿಗೆ ವ್ಯಾಪಿಸಿತು. ಇದರಲ್ಲಿ ಪಠ್ಯವನ್ನು ಕಲಿಕಾ ಏಣಿಯ ಮೆಟ್ಟಿಲುಗಳಾಗಿ ಒಡೆದು, ಒಂದೊಂದಕ್ಕೂ ಚಿತ್ರಸಹಿತ ಕಾರ್ಡುಗಳನ್ನು ಸಿದ್ಧಪಡಿಸಲಾಗಿದೆ. ಮಗು ತನ್ನ ಕಾರ್ಡನ್ನು ತಾನೇ ಹುಡುಕಿ ತೆಗೆದುಕೊಳ್ಳುತ್ತದೆ. ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಿಂದ ಹಿಡಿದು ಸ್ವಕಲಿಕೆಯವರೆಗಿನ ಐದು ಗುಂಪುಗಳಲ್ಲಿ ಆ ಚಟುವಟಿಕೆಗೆ ತಕ್ಕುದರಲ್ಲಿ ಕೂರುತ್ತದೆ. ಜ್ವರ ಬಂದು ವಾರ ತಪ್ಪಿಸಿಕೊಂಡಿದ್ದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ನಿಧಾನವಾಗಿ ಕಲಿಯುವ ಮಗುವಿನ ಮರ್ಯಾದೆ ಕಾಯುವ ಈ ಏರ್ಪಾಟು ವೇಗವಾಗಿ ಕಲಿಯುವ ಮಗುವನ್ನೂ ತಡೆಯುವುದಿಲ್ಲವಾದ್ದರಿಂದ, ಪ್ರತಿಭಾವಂತರತ್ತ ಗಮನ ಹರಿಸಿದರೆ ಉಳಿದವರಿಗೆ ಅನ್ಯಾಯವಾದೀತೆಂಬ ಆಕ್ಷೇಪಕ್ಕೆ ಉತ್ತರವೂ ಇದರಲ್ಲೇ ಅಡಗಿದೆ.

ತೊಡಕೆಂದರೆ ಏಣಿ 3ನೆಯ ತರಗತಿಗೇ ಮುಗಿಯುತ್ತದೆ. ನಾಲ್ಕನೆಯ ತರಗತಿಯಲ್ಲಿ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ಲೆಕ್ಕವನ್ನು ಎಲ್ಲರಿಗಿಂತ ಮೊದಲು ಮುಗಿಸಿದ ಹುಡುಗಿಗೆ ಸಿಗುವುದು ಅದೇ ಬಗೆಯ ಇನ್ನೂ ಹತ್ತು ಲೆಕ್ಕ, ಇಲ್ಲವೇ ಗಲಾಟೆ ಮಾಡುವವರ ಹೆಸರನ್ನು ಹಲಗೆಯ ಮೇಲೆ ಬರೆಯುವ ಮಾನಿಟರ್ ಕೆಲಸ. ಅವಳಿಗೆ ಬೇಕಾದುದು ಹೆಚ್ಚು ಲೆಕ್ಕವಲ್ಲ, ಹೆಚ್ಚು ಆಳದ ಲೆಕ್ಕ. ತರಗತಿ 24ರ ಗುಣಾಕಾರದಲ್ಲಿ ತೊಡಗಿರುವಾಗ ಅವಳ ಮುಂದೆ 24 ಹುಣಸೆ ಬೀಜಗಳನ್ನಿಟ್ಟು, ಒಂದೂ ಮಿಗದಂತೆ ಎಷ್ಟು ಬಗೆಯ ಆಯತಗಳಾಗಿ ಜೋಡಿಸಬಹುದೆಂದು ಕೇಳಬಹುದು. ನಾಲ್ಕು ಬಗೆ ಸಿಕ್ಕ ಮೇಲೆ ಒಂದು ಬೀಜವನ್ನು ತೆಗೆದರೆ, ಉಳಿದ 23 ಬೀಜಗಳು ಒಂದೇ ಸಾಲಾಗಿ ನಿಲ್ಲುತ್ತವೆಯೇ ಹೊರತು ಬೇರೆ ಯಾವ ಜೋಡಣೆಗೂ ಒಗ್ಗುವುದಿಲ್ಲ. ಹೀಗೇಕೆ ಎಂದು ಅವಳು ಕೇಳಿದ ಗಳಿಗೆಯಲ್ಲಿ ಅವಿಭಾಜ್ಯ ಸಂಖ್ಯೆಯ ಪಾಠ, ಆ ಹೆಸರು ಇನ್ನೂ ಗೊತ್ತಿಲ್ಲದಿದ್ದರೂ, ಆರಂಭವಾಗಿರುತ್ತದೆ. ಒಂದು ಹಿಡಿ ಹುಣಸೆ ಬೀಜಕ್ಕೆ ಅನುದಾನ ಬೇಕಾಗಿಲ್ಲ. ಬೇಕಾದುದು ಆ ಪ್ರಶ್ನೆಯನ್ನು ಸಿದ್ಧವಾಗಿಟ್ಟುಕೊಂಡ ಶಿಕ್ಷಕಿ ಮತ್ತು ಅವರಿಗೆ ಅಷ್ಟು ಬಿಡುವು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿಭಾನ್ವಿತ ಮಕ್ಕಳ ಶಿಕ್ಷಣವನ್ನು ಬಿ.ಎಡ್. ವ್ಯಾಸಂಗದಲ್ಲಿ ವಿಶೇಷ ವಿಷಯವಾಗಿಸುವ ಅವಕಾಶವನ್ನೂ ಶಾಲೆಯಿಂದ ಜಿಲ್ಲೆಯವರೆಗೆ ವಿಷಯಾಧಾರಿತ ಕೂಟಗಳನ್ನು ಕಟ್ಟುವುದನ್ನೂ ಸೂಚಿಸಿದೆ. ಇಂಥ ಕೆಲಸಕ್ಕೆ ನೆರವಾಗಬಲ್ಲ ಸಂಸ್ಥೆಗಳು ಇಲ್ಲಿಗೆ ದೂರವಿಲ್ಲ: ಮತ್ತಿಕೆರೆಯ ಕೂಗಳತೆಯಲ್ಲಿ 1909ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಅದರ ಆವರಣದಲ್ಲೇ, ಪ್ರತಿಭಾನ್ವಿತ ಮಕ್ಕಳ ಶಿಕ್ಷಣವನ್ನು ಸಂಶೋಧನೆಯ ವಿಷಯವಾಗಿಸಿಕೊಂಡ, ನಿಯಾಸ್ ಎಂದು ಕರೆಯಲಾಗುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಿದೆ. ಇನ್ನೊಂದು ಬದಿಗೆ ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವವರ ದುಡಿಮೆಯಿದೆ. ಇಂಥ ದುಡಿಯುವ ಕುಟುಂಬಗಳ ಮಕ್ಕಳು ಓದುವ ಶಾಲೆಗೂ ಆ ಆವರಣಕ್ಕೂ ನಡುವಿನ ದೂರ ರಸ್ತೆಯ ಅಳತೆಗೆ ಸಿಗುವಂಥದ್ದಲ್ಲ.

ಆದುದರಿಂದ ಈ ಸಂಕಿರಣದ ಗೋಷ್ಠಿಗಳ ಮುಂದಿರುವ ಪ್ರಶ್ನೆಗಳು ಕೆಲವೇ. ನಲಿ-ಕಲಿಯ ಏಣಿಯನ್ನು 4 ಮತ್ತು 5ನೆಯ ತರಗತಿಗಳಿಗೆ, ಕನಿಷ್ಠ ಗಣಿತದಲ್ಲಾದರೂ, ಹೇಗೆ ಚಾಚಬಹುದು; ಅಂಕಪಟ್ಟಿಗೆ ಸಿಗದ ಮಗುವನ್ನು ಶಿಕ್ಷಕರು ಗಮನಿಸಿ ದಾಖಲಿಸುವ ಬಗೆ ಯಾವುದು; ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾಗದೆ ಊರಿನ ಶಾಲೆಯಲ್ಲೇ ಉಳಿದ ಮಗುವಿಗೆ ಮರುದಿನ ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ಏನು ದೊರೆಯಬೇಕು. ಈ ಕೊನೆಯ ಪ್ರಶ್ನೆಗೆ ಉತ್ತರ ಸಿಗುವವರೆಗೆ ಪ್ರತಿಭಾ ಪುರಸ್ಕಾರದ ಶಾಲು ಸಲ್ಲುವುದು ಶಾಲೆಯ ನೆರವಿಲ್ಲದೆಯೂ ದಾಟಿಕೊಂಡ ಮಕ್ಕಳಿಗೆ ಮಾತ್ರ.