ಹೇಂಟೆಯು ಹುಂಜದಂತೆ ಕೂಗುವ ವಿಚಾರ



ಹಿತ್ತಲಿನ ಕೋಳಿಯ ಸಂಗತಿಯು ಚಾವಡಿಗೆ ಬರತಕ್ಕಂಥ ದೊಡ್ಡ ವಿಷಯವಲ್ಲವೆಂದು ತೋರಬಹುದು. ಆದರೆ ಹೇಂಟೆಯೊಂದು ಕತ್ತು ನೀಡಿ ಹುಂಜದಂತೆ ಕೂಗಿತೆಂದರೆ ಆ ಸುದ್ದಿಯು ಮನೆಯ ಹೊಸ್ತಿಲೊಳಗೆ ನಿಲ್ಲುವುದಿಲ್ಲ. ಮನೆಗೆ ಕೇಡೆಂದು ಒಬ್ಬರು, ಊರಿಗೆ ಕೇಡೆಂದು ಇನ್ನೊಬ್ಬರು ಹೇಳುವರು. ಆ ಕ್ಷಣವೇ ಕೋಳಿಯ ಕತ್ತು ಮುರಿದು ಊರಾಚೆಗೆ ಎಸೆಯುವುದೂ ಉಂಟು. ಅಷ್ಟಕ್ಕೇ ಮುಗಿದರೆ ನಷ್ಟವು ಒಂದು ಕೋಳಿಯದು. ಆ ಮನೆಯಲ್ಲಿ ವಿಧವೆಯೋ ಹೊಸದಾಗಿ ಬಂದ ಸೊಸೆಯೋ ಇದ್ದರೆ ಅವಳ ಕಾಲ್ಗುಣದ ಮಾತೂ ಏಳುವುದು. ಕೋಳಿ ಸಾಕಿ, ಮೊಟ್ಟೆ ಮಾರಿ, ಉಪ್ಪು ಎಣ್ಣೆಗಳಿಗೆ ಕಾಸು ಕೂಡಿಸುವವಳು ಬಹುಮಟ್ಟಿಗೆ ಅವಳೇ ಆಗಿರುವಳು. ಆದಕಾರಣ ಇದರ ನಿಜಸ್ಥಿತಿಯನ್ನು ಊರಿನ ಹಿರಿಯರು ಮೊದಲು ತಿಳಿದಿರುವುದು ಅವಶ್ಯವಾಗಿದೆ.

ಹೀಗೆ ಕೂಗುವ ಹೇಂಟೆಗಳಲ್ಲಿ ಎರಡು ಬಗೆಗಳುಂಟು. ಒಂದನೆಯದು ಕೇವಲ ನಡತೆಯ ಬದಲಾವಣೆ. ಕೋಳಿಗಳ ಹಿಂಡಿನಲ್ಲಿ ಮೇಲು ಕೀಳೆಂಬ ಕ್ರಮವು ನಮ್ಮ ಊರುಗಳಲ್ಲಿರುವುದಕ್ಕಿಂತಲೂ ಬಿಗಿಯಾದುದು; ಯಾವುದು ಯಾವುದನ್ನು ಕುಕ್ಕಬಹುದೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ನಾರ್ವೆ ದೇಶದ ಷೆಲ್ಡೆರುಪ್-ಎಬ್ಬೆ ಎಂಬ ವಿದ್ವಾಂಸರು ಇದನ್ನು ಕೂಲಂಕಷವಾಗಿ ಪರಿಶೀಲಿಸಿ 1922ರಲ್ಲಿ ಪ್ರಕಟಿಸಿದರು. ಹಿಂಡಿನಲ್ಲಿ ಹುಂಜವಿಲ್ಲದೆ ಹೋದಾಗ ಮೇಲಿನ ಸ್ಥಾನದ ಹೇಂಟೆಯು ಕೆಲವೊಮ್ಮೆ ಅದರ ಯಜಮಾನಿಕೆಯನ್ನು ವಹಿಸಿಕೊಂಡು ಕೂಗುತ್ತದೆ, ಇತರ ಹೇಂಟೆಗಳ ಮೇಲೆ ಏರುತ್ತದೆ. ಹಬ್ಬಕ್ಕೆ ಹುಂಜವನ್ನು ಕೊಯ್ದ ಮೇಲೆ, ಅಥವಾ ಕೊಕ್ಕರೆ ರೋಗದಿಂದ ಹುಂಜವು ಸತ್ತ ಮೇಲೆ ಇದು ನಡೆಯಬಹುದು. ರೋಗವು ಮೊದಲು ಬಂದು, ಹುಂಜ ಹೋಗಿ, ಆ ಬಳಿಕ ಹೇಂಟೆ ಕೂಗಿದರೂ, ಕೂಗಿದ್ದರಿಂದಲೇ ರೋಗ ಬಂದಿತೆಂದು ಜನರು ಎಣಿಸುವರು. ತನ್ನ ಕೋಳಿ ಕೂಗದೆ ಊರಿಗೆ ಬೆಳಗಾಗದೆಂದ ಮುದುಕಿಯ ಲೆಕ್ಕವೂ ಇದೇ ಜಾತಿಯದು.

ಎರಡನೆಯ ಬಗೆಯು ದೇಹದೊಳಗಿನ ವ್ಯತ್ಯಾಸದಿಂದ ಆಗುವಂಥದು. ಹೇಂಟೆಗೆ ಎಡಗಡೆಯ ಅಂಡಾಶಯವೊಂದೇ ಸಾಮಾನ್ಯವಾಗಿ ಕೆಲಸಮಾಡತಕ್ಕದ್ದು. ಬಲಗಡೆಯದು ಬೆಳೆಯದೆ ಅಣಗಿರುತ್ತದೆ. ಗೆಡ್ಡೆಯಿಂದಲೋ ಬೇರೆ ರೋಗದಿಂದಲೋ ಎಡಗಡೆಯದು ಕೆಟ್ಟರೆ ಅದರಿಂದ ರಕ್ತಕ್ಕೆ ಸೇರುತ್ತಿದ್ದ ಹೆಣ್ಣುತನದ ರಸವು ನಿಲ್ಲುತ್ತದೆ. ಹೇಂಟೆಗೆ ಸಾದಾ ಗರಿಯನ್ನು ಕೊಡುವುದೇ ಆ ರಸ. ಅದು ತಪ್ಪಿದರೆ ಮುಂದಿನ ಸಲ ಗರಿ ಉದುರಿ ಹೊಸದು ಬಂದಾಗ ಕತ್ತಿನಲ್ಲಿಯೂ ಸೊಂಟದಲ್ಲಿಯೂ ಹುಂಜದಂತೆ ಉದ್ದವಾದ, ಮೊನೆಯುಳ್ಳ, ಹೊಳೆಯುವ ಗರಿಗಳು ಮೂಡುತ್ತವೆ. ಅಣಗಿದ್ದ ಬಲಭಾಗವು ಕೆಲವು ಕೋಳಿಗಳಲ್ಲಿ ಗಂಡಿನ ಬೀಜದಂತೆ ಬೆಳೆದು, ತಲೆಯ ಜುಟ್ಟು ದೊಡ್ಡದಾಗಿ ಕೆಂಪೇರುತ್ತದೆ, ಕೂಗೂ ಹೊರಡುತ್ತದೆ. ಆದರೂ ಹುಟ್ಟಿನಿಂದ ಬಂದ ಹೆಣ್ಣುತನವು ದೇಹದ ಕಣಕಣದಲ್ಲಿಯೂ ಹಾಗೆಯೇ ಉಳಿದಿರುತ್ತದೆ.

ಇದು ನಮ್ಮ ಸೀಮೆಗೆ ಮಾತ್ರ ಸೇರಿದ ವಿಚಿತ್ರವಲ್ಲ, ಭಯವೂ ನಮ್ಮವರಿಗೆ ಮಾತ್ರ ಸೇರಿದುದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1474ರಲ್ಲಿ ಹುಂಜವೊಂದು ಮೊಟ್ಟೆಯಿಟ್ಟಿತೆಂದು ಅದನ್ನು ನ್ಯಾಯಸ್ಥಾನದಲ್ಲಿ ವಿಚಾರಿಸಿ, ಮೊಟ್ಟೆಯ ಸಮೇತ ಸುಟ್ಟರು. ಅದಾಗಿ ಸುಮಾರು ನಾಲ್ಕೂವರೆ ನೂರು ವರ್ಷಗಳ ಮೇಲೆ, 1923ರಲ್ಲಿ, ಎಡಿನ್‌ಬರೋದ ಕ್ರೂ ಎಂಬ ಶಾಸ್ತ್ರಜ್ಞರು ಒಂದು ಆರ್ಪಿಂಗ್ಟನ್ ಹೇಂಟೆಯ ವೃತ್ತಾಂತವನ್ನು ವರದಿಮಾಡಿದರು. ಮೊಟ್ಟೆಯಿಡುತ್ತಿದ್ದ ಆ ಕೋಳಿಯು ಕ್ರಮೇಣ ಹುಂಜದ ರೂಪ ತಾಳಿ ಮರಿಗಳಿಗೆ ತಂದೆಯೂ ಆಯಿತು. ಕೊಯ್ದು ನೋಡಲಾಗಿ ಅಂಡಾಶಯವು ರೋಗದಿಂದ ನಾಶವಾಗಿದ್ದಿತು. ಹೀಗೆ ಪೂರ್ತಿಯಾಗಿ ಬದಲಾಗುವುದು ಅತ್ಯಂತ ಅಪರೂಪ. ಕೂಗುವ ಹೇಂಟೆಗಳೆಲ್ಲ ಹೀಗಾಗುವುವೆಂದು ಭಾವಿಸಲಾಗದು.

ದೂರು ಬಂದಾಗ ಮೊದಲು ಅದು ಹೇಂಟೆಯೇ ಹೌದೋ ಎಂಬುದನ್ನು ನೋಡತಕ್ಕದ್ದು. ಸಂತೆಯಲ್ಲಿ ಯಾಟೆಯೆಂದು ಕೊಂಡ ಮರಿಯು ನಾಲ್ಕೈದು ತಿಂಗಳಿಗೆ ಕೂಗಿದರೆ, ಅದು ಹುಂಜದ ಮರಿಯೇ ಆಗಿದ್ದಿರಬಹುದು. ಅಪಶಕುನವಲ್ಲ, ವ್ಯಾಪಾರದ ಮೋಸ. ಕಾಲಿನ ಮುಳ್ಳನ್ನು ಮಾತ್ರ ನಂಬಬಾರದು, ವಯಸ್ಸಾದ ಒಳ್ಳೆಯ ಹೇಂಟೆಗಳಿಗೂ ಅದು ಬರುವುದುಂಟು. ಕೋಳಿಯನ್ನು ಒಂದು ವಾರ ಬೇರೆಯಾಗಿ ಬುಟ್ಟಿಯಡಿ ಇಟ್ಟು, ನೀರು ಮೇವು ಕೊಟ್ಟು, ಮೊಟ್ಟೆಯಿಡುವುದೋ ಎಂದು ನೋಡಬೇಕು. ಬಾಲದ ಕೆಳಗಿರುವ ಎರಡು ಎಲುಬುಗಳ ನಡುವೆ ಎರಡು ಮೂರು ಬೆರಳು ಹಿಡಿಸಿದರೆ ಅದು ಮೊಟ್ಟೆಯಿಡುತ್ತಿರುವ ಕೋಳಿ. ಎಲುಬುಗಳು ಕೂಡಿಕೊಂಡಿದ್ದರೆ ಮೊಟ್ಟೆ ನಿಂತಿದೆ. ಮೊಟ್ಟೆಯಿಡುವ ಕೋಳಿ ಎಷ್ಟು ಕೂಗಿದರೂ ಅದನ್ನು ಕೊಲ್ಲುವುದು ಶುದ್ಧ ಅವಿವೇಕ.

ಮೊಟ್ಟೆ ನಿಂತು, ಗರಿಯೂ ಬದಲಾದ ಕೋಳಿಯಿಂದ ಮುಂದೆ ಲಾಭವನ್ನು ಎದುರುನೋಡುವಂತಿಲ್ಲ. ಅದು ಗೆಲುವಾಗಿದ್ದು ಮೈತುಂಬಿಕೊಂಡಿದ್ದರೆ ಅಡಿಗೆಗೆ ಉಪಯೋಗಿಸಬಹುದು. ಎದೆಯ ಎಲುಬು ಎದ್ದು ಕಾಣುವಷ್ಟು ಬಡಕಲಾಗಿ ಹೊಟ್ಟೆ ಉಬ್ಬಿದ್ದರೆ, ಅಥವಾ ಕೊಯ್ದಾಗ ಒಳಗೆ ಗೆಡ್ಡೆಗಳು ಕಂಡರೆ, ತಿನ್ನದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಒಂದೇ ಹಿಂಡಿನಲ್ಲಿ ಇಂಥವು ಎರಡು ಮೂರು ಕಂಡರೆ ಪಶುವೈದ್ಯರಿಗೆ ತಿಳಿಸತಕ್ಕದ್ದು. ಗೆಡ್ಡೆ ಬರಿಸುವ ಕೆಲವು ರೋಗಗಳು ಹಿಂಡಿನಲ್ಲಿ ಹರಡುವಂಥವು.

ಹುಂಜವಿಲ್ಲದ ಹಿಂಡಿಗೆ ಹುಂಜವನ್ನು ತಂದು ಬಿಟ್ಟರೆ ಹೇಂಟೆಯ ಕೂಗು ಸಾಮಾನ್ಯವಾಗಿ ತಾನಾಗಿ ಅಡಗುವುದು. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಬೇರೆ ಊರಿನಿಂದ ತಂದದ್ದಾದರೆ, ಕೊಕ್ಕರೆ ರೋಗವು ಅದರ ಸಂಗಡ ಬಾರದಂತೆ, ಎರಡು ಮೂರು ವಾರ ಬೇರೆ ಕಟ್ಟಿ ಸಾಕಿ ಆಮೇಲೆ ಹಿಂಡಿಗೆ ಬಿಡಬೇಕು.