ಸಕ್ಕರೆ ಕಾಯಿಲೆಯವರ ಗುಳಿಗೆ ಯಾರ ಕೈಯಲ್ಲಿ?

(ಸಂಘದ ಬೆಳ್ಳಿಹಬ್ಬದ ನಿಮಿತ್ತ ಅಣ್ಣಿಗೇರಿಯಲ್ಲಿ ಏರ್ಪಡಿಸಿದ್ದ ಆರೋಗ್ಯ ತಪಾಸಣಾ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಎತ್ತಿನ ಹಿಂದೆ ಹೋದವ. ಸಂಘದ ಮೀಟಿಂಗಿನಲ್ಲಿ ಎರಡು ಮಾತು ಆಡೋದು ಬಿಟ್ಟರೆ ಮೈಕ್ ಹಿಡಿದ ರೂಢಿ ಇಲ್ಲ. ಸಕ್ಕರೆ ಕಾಯಿಲೆ ಅಂದ್ರೇನು, ಯಾಕೆ ಬರ್ತದ ಅನ್ನುವುದನ್ನು ಡಾಕ್ಟರ ಸಾಹೇಬರು ಈಗಷ್ಟೇ ಸವಿಸ್ತಾರವಾಗಿ ತಿಳಿಸಿದ್ದಾರೆ. ನಾನು ಹೇಳಬೇಕಾದ್ದು ಅದರ ಮುಂದಿನ ಮಾತು. ಡಾಕ್ಟರು ಚೀಟಿ ಬರೆದು ಕೊಡುತ್ತಾರೆ, ನಾವು ಗುಳಿಗೆ ತಗೊಂಡು ಬಸ್ಸು ಹತ್ತುತ್ತೇವೆ. ಅಲ್ಲಿಂದ ಮುಂದೆ ಒಂದು ತಿಂಗಳು ಆ ಪೇಶಂಟಿನ ನರ್ಸು ಯಾರ್ರಿ? ಮಗ, ಸೊಸಿ, ಮೊಮ್ಮಗಳು. ಅವರಿಗೆ ಆ ಕೆಲಸ ಯಾರೂ ಕಲಿಸಿರುವುದಿಲ್ಲ. ನನಗೂ ಕಲಿಸಿರಲಿಲ್ಲ. ಅದರಿಂದ ಏನಾಯ್ತು ಅನ್ನೋದನ್ನು ಮುಚ್ಚಿಡದೆ ಹೇಳುತ್ತೇನೆ. ನಮ್ಮವ್ವ ಇಲ್ಲೇ ಮೂರನೇ ಸಾಲಿನಾಗ ಕುಂತಾಳ, ತಪ್ಪು ಹೇಳಿದರೆ ಎದ್ದು ಬೈತಾಳ.

ಅದು 2019ರ ಶ್ರಾವಣ. ಅವ್ವನಿಗೆ ಆಗಲೇ ಏಳೆಂಟು ವರ್ಷದಿಂದ ಶುಗರ್ ಇತ್ತು. ಸರಕಾರಿ ದವಾಖಾನೆಯ ಗುಳಿಗೆ ನಡೆದಿತ್ತು. ಆ ಸಲ ತಂಗಿಯ ಊರಿಗೆ ಹೋದಾಗ ಕೆಮ್ಮು ಬಂತಂತ ಅಲ್ಲೊಬ್ಬ ಡಾಕ್ಟರಿಗೆ ತೋರಿಸಿದ್ದರು. ಅವರು ಶುಗರ್ ಜಾಸ್ತಿ ಅದ ಅಂತ ಬೇರೆ ಗುಳಿಗೆ ಬರೆದರು. ಹಳೇ ಚೀಟಿ ಅವ್ವ ಒಯ್ದಿರಲೇ ಇಲ್ಲ, ಹಂಗಾಗಿ ಅವರಿಗೆ ಗೊತ್ತಾಗುವ ದಾರಿಯೂ ಇರಲಿಲ್ಲ. ಊರಿಗೆ ಬಂದ ಮೇಲೆ ನಾನೇನು ಮಾಡಿದೆ? ಎರಡೂ ಡಾಕ್ಟರು ಶಾಣ್ಯಾರು, ಎರಡೂ ಗುಳಿಗೆ ಇರಲಿ ಅಂತ ಎರಡನ್ನೂ ಕೊಟ್ಟೆ. ಕವರಿನ ಬಣ್ಣ ಬೇರೆ, ಹೆಸರು ಬೇರೆ.

ಸೋಮವಾರ ಬಂತು. ಅವ್ವನ ಉಪವಾಸ, ಸಂಜೀತನಕ ಏನೂ ತಿನ್ನಂಗಿಲ್ಲ. ಆದರೆ ಗುಳಿಗೆ ತಪ್ಪಿಸಬಾರದು ಅಂತ ಮುಂಜಾನೆ ನಾನೇ ನೀರು ಕೊಟ್ಟು ನುಂಗಿಸಿ ಹೊಲಕ್ಕೆ ಹೋದೆ. ಮಧ್ಯಾಹ್ನ ಹುಡುಗ ಓಡಿ ಬಂದ. ಮನೆಗೆ ಹೋಗಿ ನೋಡಿದರೆ ಅವ್ವನ ಸೀರೆ ಬೆವರಿನಿಂದ ತೊಯ್ದು ತೊಪ್ಪಿ ಆಗಿತ್ತು, ಕೈ ನಡುಗುತ್ತಿದ್ದವು. "ಏನಾಗೇತಬೇ ಅವ್ವಾ?" ಅಂದರೆ ನನ್ನನ್ನು ತೀರಿಹೋದ ನಮ್ಮ ಸೋದರಮಾವನ ಹೆಸರು ಹಿಡಿದು ಕರೀತಾಳ. ಓಣಿಯವರೆಲ್ಲ ಕೂಡಿದ್ದರು. ಗಾಳಿ ಸೋಕೇತಿ ಅಂದರು, ಒಬ್ಬರು ನಿಂಬೆಹಣ್ಣು ತಂದರು. ಅಷ್ಟರಲ್ಲಿ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಬಂದಳು. ಒಂದೇ ಮಾತು ಕೇಳಿದಳು: "ಅಣ್ಣಾ, ಅತ್ತಿ ಇವತ್ತ ಗುಳಿಗಿ ತಗೊಂಡಾಳೇನು? ಉಂಡಾಳೇನು?" ಬೆರಳು ಚುಚ್ಚಿ ಮಶೀನಿನಲ್ಲಿ ನೋಡಿದರೆ 38. ಎಪ್ಪತ್ತರ ಕೆಳಗೆ ಬಂದರೇ ಕಡಿಮೆ ಅಂತಾರೆ. ಆಕೆಗೆ ಗುಟುಕರಿಸೋ ಶಕ್ತಿ ಇತ್ತು, ಹಂಗಾಗಿ ಮೂರು ಚಮಚೆ ಸಕ್ಕರೆ ನೀರಾಗ ಕದಡಿ ಕುಡಿಸಿದರು. ಕಾಲು ತಾಸಿನಲ್ಲಿ ಅವ್ವ ನನ್ನ ಹೆಸರು ಹಿಡಿದು ಕರೆದಳು.

ಕಥೆ ಮುಗೀತು ಅಂದುಕೊಂಡೆವು. ಎರಡು ತಾಸಿನ ಮೇಲೆ ಮತ್ತೆ ಅದೇ ಬೆವರು, ಅದೇ ಮಂಪರು. ಆಗ 108ಕ್ಕೆ ಫೋನ್ ಮಾಡಿ ದವಾಖಾನೆಗೆ ಒಯ್ದೆವು. ರಾತ್ರಿಯೆಲ್ಲ ಗ್ಲೂಕೋಸ್ ಏರಿಸಿದರು. ಮುಂಜಾನೆ ಅಲ್ಲಿಯ ಸಿಸ್ಟರ್, "ಮನ್ಯಾಗಿನ ಎಲ್ಲಾ ಗುಳಿಗಿ ತರಿಸ್ರಿ ಅಣ್ಣಾರ" ಅಂದರು. ಕಾಟಿನ ಮೇಲೆ ಎಲ್ಲಾ ಪಟ್ಟಿ ಹರವಿ, ಒಂದೊಂದನ್ನೇ ಹೊರಳಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. ಎರಡು ಪಟ್ಟಿ ಎತ್ತಿ ನನ್ನ ಮುಂದೆ ಹಿಡಿದರು. "ಹೆಸರು ಬ್ಯಾರೆ ಬ್ಯಾರೆ, ಒಳಗಿನ ಔಷಧ ಒಂದ. ನೀವು ಅವ್ವಾರಿಗೆ ದಿನಾ ಡಬಲ್ ಕೊಟ್ಟೀರಿ." ಗ್ಲಿಮೆಪಿರೈಡ್ ಅನ್ನುವ ಔಷಧ ಅದು. ಉಂಡರೂ ಉಣದಿದ್ದರೂ ಶುಗರ್ ಇಳಿಸುವ ಗುಣ ಅದರದ್ದು, ಮತ್ತದರ ಜೋರು ತಾಸುಗಟ್ಟಲೆ ಇರುತ್ತದೆ. ಸಕ್ಕರೆ ನೀರು ಕುಡಿದು ಎಚ್ಚರಾದವರು ಮತ್ತೆ ಬೀಳುವುದು ಅದಕ್ಕೇ. ಮೆಟ್‌ಫಾರ್ಮಿನ್ ಅನ್ನುವ ಇನ್ನೊಂದು ಗುಳಿಗೆ ಒಂಟಿಯಾಗಿ ಹಿಂಗೆ ಕೆಡವುವುದು ಕಡಿಮೆ. ಅದನ್ನು ಊಟದ ಜೋಡಿ ಕೊಟ್ಟರೆ ಹೊಟ್ಟೆ ತೊಳಸುವುದು ಕಡಿಮೆ. ಇದೆಲ್ಲ ಆ ಸಿಸ್ಟರ್ ಕಾಲು ತಾಸು ನಿಂತು ಕಲಿಸಿಕೊಟ್ಟದ್ದು.

ನಮ್ಮ ಸಂಘದ ಕಿರ್ದಿಯಲ್ಲಿ ಒಂದೇ ಖರ್ಚು ಎರಡು ಸಲ ಬಿದ್ದರೆ ಆಡಿಟರ್ ಬಿಡ್ತಾನೇನ್ರಿ? ಬೆಳಗಾಗುವುದರೊಳಗೆ ನೋಟೀಸ್ ಬರ್ತದ. ನಾನು ನಿರ್ದೇಶಕ, ವೋಚರಿಗೆ ಸಹಿ ಮಾಡುವವ, ಮನೆಯಲ್ಲಿ ನನ್ನವ್ವನ ಗುಳಿಗೆಯ ಲೆಕ್ಕ ನೋಡಿರಲಿಲ್ಲ. ಊರಿಗೆ ಬಂದವನೇ ನೂರು ಪುಟದ ನೋಟಬುಕ್ ತಂದೆ. ಎಡಕ್ಕೆ ಔಷಧದ ಒಳಗಿನ ಹೆಸರು, ಎಷ್ಟು ಮಿಲಿಗ್ರಾಂ, ಊಟದ ಮೊದಲೋ ನಂತರವೋ. ಬಲಕ್ಕೆ ತಾರೀಖು ಮತ್ತು ಕೊಟ್ಟವರ ಗುರುತು. ಕೊಡುವವರು ಒಬ್ಬರೇ ಇರಬೇಕು, ನಮ್ಮ ಮನೆಯಲ್ಲಿ ನನ್ನ ಹೆಂಡತಿ. ಆಕೆ ತವರಿಗೆ ಹೋದರೆ ಬುಕ್ಕು ನನ್ನ ಕೈಗೆ ಬರ್ತದ. ಯಾವ ದವಾಖಾನೆಗೆ ಹೋದರೂ, ಹಲ್ಲಿನ ಡಾಕ್ಟರಿದ್ದರೂ ಸರಿ, ಆ ಬುಕ್ಕು ಮತ್ತು ಗುಳಿಗೆ ಚೀಲ ಸಂಗಡ ಹೋಗಲೇಬೇಕು.

ಉಪವಾಸದ ಬಗ್ಗೆ ತಾಯಂದಿರಲ್ಲಿ ಒಂದು ಅರಿಕೆ. ಮಾಡಬ್ಯಾಡ್ರಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ನೀವು ಕೇಳುವುದೂ ಇಲ್ಲ. ಆದರೆ ಶ್ರಾವಣಕ್ಕೆ ಮೊದಲೇ ಡಾಕ್ಟರನ್ನು ಕೇಳಿ, ಆ ದಿನ ಯಾವ ಗುಳಿಗೆ ಬಿಡಬೇಕು, ಯಾವುದು ಎಷ್ಟೊತ್ತಿಗೆ ಅಂತ ಬರೆಸಿಕೊಂಡು ಬರ್ರಿ. ಮೈ ಬೆವೆತು ನಡುಕ ಬಂದರೆ ಉಪವಾಸ ಅಲ್ಲಿಗೇ ಮುರೀಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಶ್ವಾಸಕ್ಕೆ ಹತ್ತುತ್ತದೆ. ಮಗ್ಗಲಾಗಿ ಮಲಗಿಸಿ 108 ಕರೀರಿ. ಇನ್ನೊಂದು, ಶುಗರ್ ನಾರ್ಮಲ್ ಬಂತು ಅಂತ ಗುಳಿಗೆ ಬಿಡುವ ಚಾಳಿ ನಮ್ಮೂರಲ್ಲಿ ಬಹಳ. ನಾರ್ಮಲ್ ಬಂದದ್ದು ಗುಳಿಗೆ ತಗೊಂಡಿದ್ದಕ್ಕೆ! ಮೆಂತೆ, ಬೇವು, ಕಷಾಯ ಏನೇ ಮಾಡಿದರೂ ಅದನ್ನು ಡಾಕ್ಟರಿಗೆ ತಿಳಿಸಬೇಕು, ಗುಳಿಗೆ ನಿಲ್ಲಿಸಬಾರದು. ಸಕ್ಕರೆ ಬಿಟ್ಟು ಬೆಲ್ಲ ತಿಂದರೆ ನಡೀತದ ಅನ್ನೋದೂ ಸುಳ್ಳು. ಜೋಳದ ರೊಟ್ಟಿ ಚಲೋ ಖರೆ, ನಾಲ್ಕು ಉಣ್ಣೋ ಕಡೆ ಎರಡು ಉಣ್ಣಬೇಕು, ಜೋಡಿಗೆ ಪಲ್ಯೆ ಕಾಳು ಜಾಸ್ತಿ ಇರಬೇಕು.

ಇನ್ನು ಇನ್ಸುಲಿನ್. ಅದರ ಹೆಸರು ಕೇಳಿದರೇ ನಮ್ಮವರು, ಕಡೀಗಾಲ ಬಂತು ಅಂತ ತಿಳೀತಾರೆ. 1921ರಲ್ಲಿ ಕೆನಡಾ ದೇಶದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅನ್ನುವವರು ಇದನ್ನು ಬೇರ್ಪಡಿಸಿದರು. 1922ರ ಜನೇವರಿಯಲ್ಲಿ ಸಾಯಲು ಬಿದ್ದಿದ್ದ 14 ವರ್ಷದ ಹುಡುಗನಿಗೆ ಮೊದಲು ಚುಚ್ಚಿದರು, ಅವನು ಚೇತರಿಸಿಕೊಂಡ. ಕಂಡುಹಿಡಿದವರು ಪೇಟೆಂಟ್ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದೇ ಡಾಲರಿಗೆ ಬಿಟ್ಟುಕೊಟ್ಟರು. ಅಂಥ ಔಷಧಿಗೆ ನಾವು ಹೆದರುವುದು ಬೇಡ. ಹೆದರಬೇಕಾದದ್ದು ಸಿರಿಂಜಿನ ಗುರುತಿಗೆ. ಬಾಟಲಿಯ ಮೇಲೆ 40 ಅಥವಾ 100 ಅಂತ ಬರೆದಿರುತ್ತದೆ. 40ರ ಬಾಟಲಿಗೆ ಕೆಂಪು ಮುಚ್ಚಳದ 40ರ ಸಿರಿಂಜೇ ಬೇಕು, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಔಷಧವನ್ನು 40ರ ಸಿರಿಂಜಿನಲ್ಲಿ 20ರ ಗೆರೆತನಕ ಎಳೆದರೆ ಒಳಗೆ ಹೋಗುವುದು 20 ಅಲ್ಲ, 50! ಡಿ.ಎ.ಪಿ. ಹಾಕುವ ಕೂರಿಗಿ ಅಳತೆ ತಪ್ಪಿದರೆ ಪೀಕು ಹೋಗ್ತದ, ಇಲ್ಲಿ ಮನುಷ್ಯನೇ ಹೋಗ್ತಾನ. ಅಂಗಡಿಯಲ್ಲಿ ಎರಡನ್ನೂ ಕೂಡಿಸಿ ತೋರಿಸಿಯೇ ತಗೋಬೇಕು.

ಫ್ರಿಜ್ ಇದ್ದರೆ ಬಾಗಿಲ ಕಡೆ ಇಡಬೇಕು, ಬರ್ಫ ಆಗುವ ಖಾನೆಯಲ್ಲಿ ಇಡಬಾರದು, ಹೆಪ್ಪುಗಟ್ಟಿದ ಔಷಧ ಚೆಲ್ಲಬೇಕು. ಫ್ರಿಜ್ ಇಲ್ಲದವರು ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಹಸಿ ಉಸುಕು ತುಂಬಿ, ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಳಗಿಟ್ಟರೆ ನಮ್ಮ ಬ್ಯಾಸಗಿಯಲ್ಲೂ ತಂಪಿರುತ್ತದೆ. ಉಸುಕು ಆರದಂತೆ ನೋಡಿಕೊಳ್ಳಬೇಕು. ಒಡೆದ ಬಾಟಲಿಯ ಮೇಲೆ ತಾರೀಖು ಬರೀರಿ, ಸುಮಾರು ನಾಲ್ಕು ವಾರಕ್ಕೆ ಬದಲಿಸಬೇಕು. ಚುಚ್ಚುವ ಜಾಗ ದಿನಾ ಬದಲಾಗಬೇಕು, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಜ್ವರ ಬಂದು ಊಟ ಕಡಿಮೆಯಾದರೆ ನಾವೇ ತಿಳಿದು ಇನ್ಸುಲಿನ್ ನಿಲ್ಲಿಸಬಾರದು, ಶುಗರ್ ನೋಡಿ ಡಾಕ್ಟರಿಗೆ ಫೋನ್ ಹಚ್ಚಬೇಕು. ಸೂಜಿಗಳನ್ನು ತಿಪ್ಪಿಗೆ ಒಗೀಬ್ಯಾಡ್ರಿ. ತಿಪ್ಪಿ ಗೊಬ್ಬರ ಹೊಲಕ್ಕೆ ಹೋಗ್ತದ, ಹೊಲದಾಗ ಕಳೆ ತೆಗೆಯುವವರು ಬರಿಗಾಲಲ್ಲಿ ಇರ್ತಾರ. ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ತುಂಬಿದ ಮೇಲೆ ದವಾಖಾನೆಗೆ ಒಯ್ದು ಕೊಡಬೇಕು.

ಬರಿಗಾಲು ಅಂದದ್ದಕ್ಕೆ ನೆನಪಾಯ್ತು. ನಮ್ಮ ಎರಿ ಮಣ್ಣು ಹಸಿ ಇದ್ದಾಗ ಚಪ್ಪಲಿಗೆ ಮೆತ್ತಿ ಹೆಜ್ಜೆ ಕೀಳಲು ಬರುವುದಿಲ್ಲ, ಚಪ್ಪಲಿ ಕೈಯಾಗ ಹಿಡಕೊಂಡು ನಡೀತೇವೆ. ನಮ್ಮ ದೊಡ್ಡಪ್ಪ ಹಾಗೆ ನಡೆದಾಗ ಜಾಲಿ ಮುಳ್ಳು ನಟ್ಟಿತು. ಶುಗರಿನಿಂದ ಪಾದ ಜೋಮು ಹಿಡಿದಿತ್ತು, ನೋವೇ ಗೊತ್ತಾಗಲಿಲ್ಲ. ವಾಸನೆ ಬಂದಾಗ ಮನೆಯವರು ನೋಡಿದರು. ಎರಡು ಬೆರಳು ತೆಗೆಸಬೇಕಾಯ್ತು. ಸಂಜೆ ಕಾಲು ತೊಳೆದ ಮೇಲೆ ಬೆರಳ ಸಂದಿಯನ್ನೂ ಅಂಗಾಲನ್ನೂ ಮನೆಯವರೊಬ್ಬರು ಬ್ಯಾಟರಿ ಹಚ್ಚಿ ನೋಡಬೇಕು. ಕಾಲು ಹಿಡಿಯುತ್ತದೆ ಅಂತ ಬಿಸಿ ಇಟ್ಟಂಗಿಯ ಶಾಖ ಕೊಡೋದು, ಆಣಿ ಬ್ಲೇಡಿನಿಂದ ಕೊಯ್ಯೋದು ಬ್ಯಾಡ. ಹೊಲಕ್ಕೆ ಮುಚ್ಚಿದ ಬೂಟು ಹಾಕ್ಕೊಂಡರೆ ಯಾರೂ ನಗುವುದಿಲ್ಲ, ನಕ್ಕರೆ ನಗಲಿ.

ಕೊನೆಗೆ ಖರ್ಚಿನ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಜನರಿಗೆ ಈ ಕಾಯಿಲೆ ಇದೆ. ನಮ್ಮ ಸಹಕಾರಿಗಳ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು 2023ರಲ್ಲಿ ಮತ್ತೆ ಶುರುವಾಯ್ತು, ಸಂತೋಷ. ಆದರೆ ಅದು ಮುಖ್ಯವಾಗಿ ಆಪರೇಷನ್ನಿಗೆ, ತಿಂಗಳ ಗುಳಿಗೆಗೆ ಅಲ್ಲ. ಸರಕಾರಿ ದವಾಖಾನೆಯಲ್ಲಿ ಗುಳಿಗೆ ಪುಕ್ಕಟೆ ಸಿಗುತ್ತದೆ, ಮುಗಿಯುವ ಮೊದಲೇ ಹೋಗಬೇಕು. ಪ್ರಾಥಮಿಕ ಸಹಕಾರ ಸಂಘಗಳೂ ಜನೌಷಧಿ ಕೇಂದ್ರ ನಡೆಸಬಹುದು ಅಂತ ಕೇಂದ್ರ ಸರಕಾರ 2023ರಲ್ಲಿ ತೀರ್ಮಾನ ಮಾಡಿದೆ. ಅಲ್ಲಿ ಪಟ್ಟಿಯ ಮೇಲೆ ದೊಡ್ಡದಾಗಿ ಇರುವುದು ಔಷಧದ ಒಳಗಿನ ಹೆಸರೇ. ಆ ಹೆಸರು ಅಂದು ಕಣ್ಣಿಗೆ ಬಿದ್ದಿದ್ದರೆ ನಾನು ಡಬಲ್ ಕೊಡುತ್ತಿರಲಿಲ್ಲ.

ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು ರೈತ ಬಡ್ಡಿಗೆ ಸಿಕ್ಕು ಸಾಯಬಾರದು ಅಂತ. ನಮ್ಮ ಸಂಘ 25 ವರ್ಷ ಬೀಜ, ಗೊಬ್ಬರ, ಸಾಲ ಕೊಟ್ಟಿದೆ. ಗುಳಿಗೆಯನ್ನೂ ಯಾಕೆ ಕೊಡಬಾರದು? ಫಾರ್ಮಸಿ ಓದಿದವರೊಬ್ಬರು ಬೇಕು, ಲೈಸೆನ್ಸ್ ಬೇಕು, ಒಂದು ಕೋಣೆ ಬೇಕು. ಗೋದಾಮಿನ ಕೋಣೆ ಗೊಬ್ಬರದ ವಾಸನೆಗೆ ಆಗುವುದಿಲ್ಲ, ಮುಂದಿನ ಕೋಣೆ ಖಾಲಿ ಇದೆ. ಆಡಳಿತ ಮಂಡಳಿಯಲ್ಲಿ ಇದನ್ನು ಎರಡು ಸಲ ಎತ್ತಿದ್ದೇನೆ, ನುಕ್ಸಾನ ಆದೀತು ಅಂತ ಮುಂದೂಡಿದರು. ಅಧ್ಯಕ್ಷರು ಇಲ್ಲೇ ಇದ್ದಾರೆ, ಸಿಟ್ಟಾಗಬಾರದು. ವಾರ್ಷಿಕ ಸಭೆಯಲ್ಲಿ ಠರಾವಿಗೆ ಇಡುತ್ತೇನೆ, ಸದಸ್ಯರು ಕೈ ಎತ್ತಬೇಕು.

ಚೀಲದಾಗ ಗುಳಿಗೆ ತಂದವರು ಊಟಕ್ಕೆ ಹೋಗುವ ಮೊದಲು ಆ ಬದಿಯ ಟೇಬಲ್ಲಿಗೆ ಬರ್ರಿ. ಸಿಸ್ಟರ್ ಪಟ್ಟಿ ಹೊರಳಿಸಿ ಓದಿ ಹೇಳ್ತಾರೆ. ನೋಟಬುಕ್ ಸಂಘದಿಂದ ಕೊಡ್ತೇವೆ, ಮೊದಲ ಪುಟ ನಾನು ಬರೆದು ಕೊಡ್ತೇನೆ.